ರೊಕ್ಕದ ರಾಡಿ

ಬೆಳಗಾವಿ ಮಂದಿಗೆ ರಾಡಿಯ ಬರ ಎಂದೂ ಬಂದಿಲ್ಲ. ಕಾರಹುಣ್ಣಿಮೆ ದಾಟಿತೆಂದರೆ ಗಣಪತಿ ಕಳಿಸುವ ತನಕ ಈ ಊರಲ್ಲಿ ಎರಡು ಚಪ್ಪಲಿ ಮೆಟ್ಟಿ ಹಾಲು ತರಲು ಹೋದವ ಒಂದು ಚಪ್ಪಲಿಯಲ್ಲಿ ಮನೆಗೆ ಬಂದರೂ ಯಾರೂ ಯಾಕೆ ಅಂತ ಕೇಳುವುದಿಲ್ಲ. 2016ರ ಜನವರಿಯಲ್ಲಿ ದೇಶದ ಮೊದಲ 20 ಸ್ಮಾರ್ಟ್ ಸಿಟಿಗಳ ಪಟ್ಟಿಯಲ್ಲಿ ನಮ್ಮೂರ ಹೆಸರು ಬಂದ ಮೇಲಂತೂ ರಾಡಿಗೂ ಒಂದು ಶಿಸ್ತು ಬಂತು. ಒಬ್ಬರು ಪೈಪಿಗೆ ಅಗೆದು ಮುಚ್ಚಿದ ಮೇಲೆಯೇ ಇನ್ನೊಬ್ಬರು ಕೇಬಲ್ಲಿಗೆ ಅಗೆಯತೊಡಗಿದರು. ಇಂಥ ಊರಿನ ಜನ ಶನಿವಾರ ಮಧ್ಯಾಹ್ನ ಟಿಳಕವಾಡಿಯ ಎರಡನೇ ಗೇಟಿನಲ್ಲಿ ರೈಲು ಹೋಗುವವರೆಗೆ ಕಾದು, ಪೀರನವಾಡಿ ದಾಟಿ, ಖಾನಾಪುರದ ದಾರಿಯನ್ನೋ ಜಾಂಬೋಟಿಯ ದಾರಿಯನ್ನೋ ಹಿಡಿದು, ಕಾರಿನ ತುಂಬ ಮಕ್ಕಳು ಮರಿ, ಚುರುಮುರಿ ಡಬ್ಬಿ ಹೇರಿಕೊಂಡು ಹೋಗುವುದು ಎಲ್ಲಿಗೆ ಅಂದರೆ, ರಾಡಿಗೆ. ರೊಕ್ಕ ಕೊಟ್ಟು ಮೈಗೆ ಹಚ್ಚಿಕೊಳ್ಳುವ ರಾಡಿಗೆ.

ಎಟಿವಿ ಎಂಬ ನಾಕು ಗಾಲಿಯ ಬೈಕು ಮೊದಲು ಕಡಲ ಕಡೆಯ ಬೀಚುಗಳಲ್ಲಿ ಗುಡುಗುಡು ಅನ್ನುತ್ತಿತ್ತು. ಆಮೇಲೆ ಘಾಟ ಏರಿ ಬಂತು. ಮಡಿಕೇರಿಯವರಿಗೆ ಮಾಂದಲಪಟ್ಟಿಯ ಜೀಪು ಇದೆ, ದಾಂಡೇಲಿಯವರಿಗೆ ರಬ್ಬರ್ ದೋಣಿ ಇದೆ, ನಮಗೂ ಏನಾದರೂ ಒಂದು ಬೇಡವೆ? ಹೀಗೆ ಖಾನಾಪುರ ತಾಲೂಕಿನಲ್ಲಿ ಎಟಿವಿ ಪಾರ್ಕುಗಳು ಹುಟ್ಟಿದವು. ಹೆಸರು ಇಲ್ಲಿ ಬೇಡ. ಒಂದನ್ನು ನೋಡಿದರೆ ಉಳಿದವನ್ನೂ ನೋಡಿದ ಹಾಗೇ. ಜಂಬಿಟ್ಟಿಗೆಯ ಕಮಾನು, ಟಿಕೀಟು ಕೊಡುವ ತಗಡಿನ ಖೋಲಿ, ಹೆಲ್ಮೆಟ್ಟುಗಳನ್ನು ತೂಗುಹಾಕಿದ ಬಿದಿರು ಗಳ, ಮ್ಯಾಗಿ ಬೇಯಿಸುವ ಒಂದು ಒಲೆ. ಒಳಗೆ ಕಾಲಿಟ್ಟು ನೋಡಿದರೆ ಮೊನ್ನೆ ಮೊನ್ನೆಯವರೆಗೆ ಇಂದ್ರಾಯಣಿ ಭತ್ತ ಬೆಳೆಯುತ್ತಿದ್ದ ಗದ್ದೆ. ಬದುಗಳು ಇನ್ನೂ ಇವೆ. ನೀರು ನಿಲ್ಲಲೆಂದು ಯಾರೋ ಮುತ್ಯಾ ಕಟ್ಟಿದ ಬದು ಈಗ ‘ಜಂಪ್’. ನೀರು ಹರಿದು ಹೋಗಲೆಂದು ಕಡಿದ ಕಾಲುವೆ ಈಗ ‘ವಾಟರ್ ಕ್ರಾಸಿಂಗ್’. ಮೂಲೆಯಲ್ಲಿದ್ದ ತಿಪ್ಪೆಗುಂಡಿಗೆ ಏನು ಹೆಸರಿಟ್ಟಿದ್ದಾರೋ ಕೇಳಲಿಲ್ಲ. ‘ಎಕ್ಸ್‌ಟ್ರೀಮ್ ಝೋನ್’ ಎಂಬ ಬೋರ್ಡಿನ ಬಾಣ ಮಾತ್ರ ಅದರ ಕಡೆಗೇ ಇತ್ತು.

ಮಳೆಗಾಲದಲ್ಲಿ ಮಾಲು ಮೇಲಿಂದಲೇ ಬರುತ್ತದೆ, ಖರ್ಚಿಲ್ಲ; ಆದರೆ ಗಿರಾಕಿಗಳು ಕಡಿಮೆ. ದೀಪಾವಳಿ ಮುಗಿದ ಮೇಲೆ ರಾಡಿ ತಾನಾಗಿ ಹುಟ್ಟುವುದಿಲ್ಲ, ತಯಾರಿಸಬೇಕಾಗುತ್ತದೆ. ಅದಕ್ಕೆ ಟ್ಯಾಂಕರ್ ಬರುತ್ತದೆ. ನಾನು ನಿಂತು ನೋಡಿದ ಟ್ಯಾಂಕರಿನ ಬೆನ್ನ ಮೇಲೆ ನೀಲಿ ಬಣ್ಣದಲ್ಲಿ ‘ಕುಡಿಯುವ ನೀರು’ ಎಂದು ದಪ್ಪಗೆ ಬರೆದಿತ್ತು. ಹುಡುಗನೊಬ್ಬ ಪೈಪು ಹಿಡಿದು, ಪಾಯಸಕ್ಕೆ ಹಾಲು ಬಿಡುವವರ ಎಚ್ಚರಿಕೆಯಲ್ಲಿ, ತೀರಾ ತೆಳುವಾಗದಂತೆ ತೀರಾ ಗಟ್ಟಿಯಾಗದಂತೆ ಟ್ರ್ಯಾಕಿನ ತಿರುವುಗಳಿಗೆ ನೀರು ಬಿಡುತ್ತಿದ್ದ. ರಾಡಿಯ ಹದ ತಪ್ಪಿದರೆ ಗಿರಾಕಿಗಳು ಫೋನಿನಲ್ಲಿ ಒಂದೇ ಸ್ಟಾರ್ ಕೊಡುತ್ತಾರಂತೆ. ಇದೇ ತಾಲೂಕಿನ ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟುತ್ತಾಳೆ, ದೇಗಾಂವದ ಕಾಡಿನಲ್ಲಿ ಮಹದಾಯಿ ಹುಟ್ಟುತ್ತಾಳೆ. ಮಹದಾಯಿ ನೀರಿಗಾಗಿ ನರಗುಂದ, ನವಲಗುಂದದ ರೈತರು ವರ್ಷಗಟ್ಟಲೆ ಬೀದಿಯಲ್ಲಿ ಕುಳಿತರು. 2018ರ ಆಗಸ್ಟ್ 14ರಂದು ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಅಂತ ತೀರ್ಪು ಬರೆಯಿತು. ಕುಡಿಯಲು ಇಷ್ಟು, ಕರೆಂಟಿಗೆ ಇಷ್ಟು ಎಂದು ದಶಾಂಶ ಬಿಡದೆ ಲೆಕ್ಕ ಹಾಕಿದ ನ್ಯಾಯಮೂರ್ತಿಗಳಿಗೆ ರಾಡಿ ಕಲಸಲು ಎಷ್ಟು ಬೇಕು ಎಂಬುದು ಮಾತ್ರ ಹೊಳೆಯಲಿಲ್ಲ. ನಮ್ಮ ವಕೀಲರೂ ಕೇಳಲಿಲ್ಲ. ಮುಂದಿನ ಸಲ ಅರ್ಜಿ ಹಾಕುವಾಗ ಸೇರಿಸಬಹುದು.

ಗಾಡಿ ನಿಲ್ಲಿಸುವ ಜಾಗದಲ್ಲಿ ಇನ್ನೊಂದು ತಮಾಷೆ. ಅಲ್ಲಿ ಸಾಲಾಗಿ ನಿಂತವು ಥಾರ್‌ಗಳು. ನಾಕೂ ಗಾಲಿಗೆ ಬಲ ಹೋಗುವ, ಬೆಟ್ಟ ಹತ್ತಲೆಂದೇ ಹುಟ್ಟಿದ ಗಾಡಿಗಳು; ಮುಂದೆ ಹಗ್ಗ ಎಳೆಯುವ ರಾಟೆ, ನೆತ್ತಿಯ ಮೇಲೆ ಆರು ದೀಪ. ಯಜಮಾನರು ಕೆಳಗಿಳಿದವರೇ ಮಕ್ಕಳಿಗೆ ಮೊದಲು ಹೇಳುವ ಮಾತು: “ಏ, ಬೂಟ ಒರಿಸಿಕೊಂಡ ಹತ್ರಿ, ನಿನ್ನೆನ ತೊಳಿಸೇನಿ.” ಹದಿನೈದು ಇಪ್ಪತ್ತು ಲಕ್ಷದ ಸ್ವಂತ ಗಾಡಿಗೆ ರಾಡಿ ಹತ್ತಬಾರದೆಂದು ಬಾಡಿಗೆಯ ಗಾಡಿಯಲ್ಲಿ ರಾಡಿ ಆಡುವುದು. ತೇರಿಗೆ ಬಿಸಿಲು ತಾಗೀತೆಂದು ದೇವರನ್ನು ರಿಕ್ಷಾದಲ್ಲಿ ಮೆರೆಸಿದವರು ಇನ್ನೂ ಸಿಕ್ಕಿಲ್ಲ. ಸಿಕ್ಕರೆ ಇಲ್ಲೇ ಸಿಗುತ್ತಾರೆ.

ಈ ಎಟಿವಿಯ ಜನ್ಮ ವೃತ್ತಾಂತ ಕೇಳುವಂತಿದೆ. ಅಮೆರಿಕದಲ್ಲಿ ಚಳಿಗಾಲಕ್ಕೆ ಮೋಟರ್‌ಸೈಕಲ್ ಯಾರೂ ಕೊಳ್ಳುವುದಿಲ್ಲ, ಅಂಗಡಿಗಳು ನೊಣ ಹೊಡೆಯುತ್ತ ಕೂರುತ್ತವೆ. ಹಿಮದಲ್ಲೂ ಕೆಸರಲ್ಲೂ ಓಡುವಂಥದ್ದೇನಾದರೂ ಕೊಡಿ ಎಂದು ಅಲ್ಲಿನ ಮಾರಾಟಗಾರರು ದುಂಬಾಲು ಬಿದ್ದರು. ಜಪಾನಿನ ಹೋಂಡಾದವರು 1970ರಲ್ಲಿ ಬಲೂನಿನಂಥ ಟೈರಿನ ಮೂರು ಗಾಲಿಯ ಗಾಡಿ ಮಾಡಿ ಕೊಟ್ಟರು. ಟೈರಿನಲ್ಲಿ ಗಾಳಿ ತೀರ ಕಡಿಮೆ. ಮೆತ್ತಗೆ ಅಗಲವಾಗಿ ಕೂರುವುದರಿಂದ ಹುಗಿಯುವುದಿಲ್ಲ. ಮಜಾ ಎಂದುಕೊಂಡು ಜನ ಮುಗಿಬಿದ್ದರು, ತಿರುವಿನಲ್ಲಿ ಮಗುಚಿ ಬಿದ್ದರು, ಎದ್ದವರು ಕೋರ್ಟಿಗೆ ಹೋದರು. 1988ರಲ್ಲಿ ಅಲ್ಲಿಯ ಸರ್ಕಾರಕ್ಕೂ ಕಂಪನಿಗಳಿಗೂ ಕೋರ್ಟಿನಲ್ಲಿ ಒಪ್ಪಂದವಾಯಿತು: ಹೊಸ ಮೂರು ಗಾಲಿಯವು ಬಂದ್, ದೊಡ್ಡ ಗಾಡಿ 16 ವರ್ಷದೊಳಗಿನವರಿಗೆ ಬೇಡ. ಅಷ್ಟರಲ್ಲಿ ನಾಲ್ಕು ಗಾಲಿಯದು ಬಂದಿತ್ತು. ಅದನ್ನು ನಿಜವಾಗಿ ಕೈಗೆತ್ತಿಕೊಂಡವರು ಒಕ್ಕಲಿಗರು. ನ್ಯೂಜಿಲೆಂಡಿನಲ್ಲಿ ಕುರಿ ಕಾಯುವವ ಅದರ ಮೇಲೆ ಕುಳಿತು ಗುಡ್ಡ ಹತ್ತುತ್ತಾನೆ, ಹಿಂದೆ ನಾಯಿ ಕೂತಿರುತ್ತದೆ. ನಮ್ಮ ಸೈನ್ಯದವರು ಲಡಾಖಿನಲ್ಲಿ, ಕಚ್ಛದ ರಣದಲ್ಲಿ ಬಳಸುತ್ತಾರೆ. ಒಟ್ಟಿನಲ್ಲಿ ದಾರಿ ಇಲ್ಲದ ಕಡೆ ಕೆಲಸ ಇರುವವರ ಗಾಡಿ ಇದು. ಖಾನಾಪುರಕ್ಕೆ ಬರುವಷ್ಟರಲ್ಲಿ ಕೆಲಸ ಇಲ್ಲದವರ ಕೈಗೆ ಸಿಕ್ಕಿತು.

ನಮ್ಮ ಓಣಿಯ ವಕೀಲ ಸಾಹೇಬರನ್ನು ಕೇಳಿದೆ: “ಸಾಹೇಬ್ರ, ಇದಕ್ಕ ನಂಬರ್ ಪ್ಲೇಟ್ ಇಲ್ಲ, ಲೈಸನ್ಸ್ ಕೇಳಂಗಿಲ್ಲ, ಇನ್ಶೂರನ್ಸ್ ಐತೋ ಇಲ್ಲೋ ದೇವರಿಗೇ ಗೊತ್ತು. ಇದ್ಹೆಂಗ ನಡೀತೈತ್ರಿ?”

ಸಾಹೇಬರು ಎಲೆಗೆ ಸುಣ್ಣ ಸವರುತ್ತ ಹೇಳಿದರು: “ರೀ, ಅದು ವಾಹನನ ಅಲ್ರೀ.”

ನಾನು ತೆರೆದ ಬಾಯಿ ಮುಚ್ಚುವ ಮೊದಲೇ 1988ರ ಮೋಟಾರು ವಾಹನ ಕಾಯ್ದೆ ತೆಗೆದು ಎರಡನೇ ಕಲಮಿನ 28ನೇ ಉಪಕಲಮು ತೋರಿಸಿದರು. ಕಾರ್ಖಾನೆಯ ಒಳಗೆ ಅಥವಾ ಬೇಲಿ ಹಾಕಿದ ಆವರಣದೊಳಗೆ ಮಾತ್ರ ಓಡಿಸಲೆಂದು ಮಾಡಿದ ವಿಶೇಷ ಬಗೆಯ ಗಾಡಿ ‘ಮೋಟಾರು ವಾಹನ’ದ ವ್ಯಾಖ್ಯೆಯಲ್ಲಿ ಬರುವುದಿಲ್ಲ. ಇವರದು ಬೇಲಿ ಇದೆ. ಆದ್ದರಿಂದ ಬೆಳಗಾವಿ ಆರ್‌ಟಿಒ ಕಣ್ಣಿಗೆ ಅದು ಕಾಣುವುದಿಲ್ಲ. ಇಂಜಿನ್ ಇದೆ, ಗೇರ್ ಇದೆ, ಹೊಗೆ ಇದೆ, ಮೈಮೇಲೆ ಬಿದ್ದರೆ ತೂಕವೂ ಇದೆ. ಕಾನೂನಿನಲ್ಲಿ ಮಾತ್ರ ಅದು ಇಲ್ಲ. ಶಂಕರಾಚಾರ್ಯರ ಮಾಯೆಯನ್ನು ಇಷ್ಟು ಸಲೀಸಾಗಿ ಯಾವ ಪಂಡಿತರೂ ನನಗೆ ತಿಳಿಸಿ ಹೇಳಿರಲಿಲ್ಲ.

ಹಾಗಾದರೆ ಇದನ್ನು ರಸ್ತೆಗೆ ತರಲು ದಾರಿಯೇ ಇಲ್ಲವೆ? ಇದೆ. 2018ರಲ್ಲಿ ಪೊಲಾರಿಸ್ ಕಂಪನಿ ತನ್ನ 567 ಸಿಸಿಯ ಒಂದು ಎಟಿವಿಯನ್ನು ಭಾರತದ ರಸ್ತೆಗೆ ಇಳಿಸಲು ಪರವಾನಗಿ ಪಡೆಯಿತು. ಕಾರು ಎಂದು ಪಡೆಯಲಿಲ್ಲ, ಬೈಕು ಎಂದೂ ಪಡೆಯಲಿಲ್ಲ. ಟ್ರ್ಯಾಕ್ಟರ್ ಎಂದು ಪಡೆಯಿತು. ಕೃಷಿ ಟ್ರ್ಯಾಕ್ಟರ್! ಆಗಿನ ಷೋರೂಮ್ ಬೆಲೆ 7.99 ಲಕ್ಷ. ಅಂದರೆ ಈ ದೇಶದ ಕಾಯ್ದೆಯ ಪ್ರಕಾರ ಎಟಿವಿ ಬೇಲಿಯೊಳಗಿದ್ದರೆ ಏನೂ ಅಲ್ಲ, ಬೇಲಿ ದಾಟಿದರೆ ಟ್ರ್ಯಾಕ್ಟರ್. ನಡುವೆ ಇನ್ನೊಂದು ಗತಿ ಅದಕ್ಕಿಲ್ಲ.

ಗಾಡಿ ಟ್ರ್ಯಾಕ್ಟರ್ ಆದ ಮೇಲೆ ನೆಲದ ಸಂಗತಿಯನ್ನೂ ನೋಡಿಬಿಡೋಣ. ಮೊದಲು ಕರ್ನಾಟಕದಲ್ಲಿ ಒಕ್ಕಲುತನ ಮಾಡದವ ಹೊಲ ಕೊಳ್ಳುವ ಹಾಗಿರಲಿಲ್ಲ. ಭೂಸುಧಾರಣಾ ಕಾಯ್ದೆಯ 79ಎ, 79ಬಿ ಎಂಬ ಎರಡು ಕಲಮು ಬಾಗಿಲಲ್ಲಿ ನಿಂತಿದ್ದವು. 2020ರಲ್ಲಿ ಅವನ್ನು ಕಿತ್ತು ಹಾಕಲಾಯಿತು. ಬಂಡವಾಳ ಬರುತ್ತದೆ, ಆಧುನಿಕ ಕೃಷಿ ಬರುತ್ತದೆ, ಓದಿದ ಹುಡುಗರು ಹೊಲಕ್ಕೆ ಇಳಿಯುತ್ತಾರೆ ಎಂದು ಆಗ ಹೇಳಿದರು. ಒಂದೂ ಸುಳ್ಳಾಗಲಿಲ್ಲ. ಬಂಡವಾಳ ಬಂತು. ಓದಿದ ಹುಡುಗರು, ಐಟಿಯವರು, ಪುಣೆಯವರು, ಬೆಂಗಳೂರಿನವರು ಹೊಲಕ್ಕೆ ಇಳಿದರು. ಟ್ರ್ಯಾಕ್ಟರ್ ಜಾತಿಯ ಗಾಡಿಯ ಮೇಲೆ ಕುಳಿತು, ಮೊಣಕಾಲಿನವರೆಗೆ ಕೆಸರು ಮೆತ್ತಿಕೊಂಡು, ಬಿಸಿಲಿನಲ್ಲಿ ಬೆವರು ಸುರಿಸಿ, ನೆಲವನ್ನು ಅಡ್ಡಡ್ಡ ಉದ್ದುದ್ದ ಉತ್ತರು. ಬಿತ್ತುವುದೊಂದು ಬಾಕಿ. ಪಹಣಿಯ ಬೆಳೆ ಕಾಲಮಿನಲ್ಲಿ ಗ್ರಾಮ ಆಡಳಿತಾಧಿಕಾರಿಗಳು ಏನು ಬರೆಯುತ್ತಾರೆ ಎಂಬ ಕುತೂಹಲ ನನಗೆ ಇವತ್ತಿಗೂ ತಣಿದಿಲ್ಲ. ಹೊಲ ಎನ್ಎ, ಅಂದರೆ ಬೇಸಾಯೇತರ, ಆಗಿದೆಯೆ ಎಂದು ಕೇಳಿದರೆ, “ಪ್ರೊಸೆಸ್‌ನಾಗ ಐತ್ರಿ” ಎಂಬ ಉತ್ತರ ಬರುತ್ತದೆ. ಈ ತಾಲೂಕಿನಲ್ಲಿ ಎಷ್ಟೋ ಸಂಗತಿಗಳು ಪ್ರೊಸೆಸ್‌ನಲ್ಲೇ ಹುಟ್ಟಿ, ಬೆಳೆದು, ಮದುವೆಯಾಗಿ ಮೊಮ್ಮಕ್ಕಳನ್ನು ಕಂಡಿವೆ.

ಖಾನಾಪುರದ ಮಣ್ಣಿನ ಬಗ್ಗೆಯೂ ಒಂದು ಮಾತು ಹೇಳಬೇಕು. ಇದು ಬರೀ ಮಣ್ಣೆಂದು ತಿಳಿಯಬೇಡಿ. ಹಂಚು, ಇಟ್ಟಂಗಿ, ಗಡಿಗೆ ಮಾಡಲು ಹೇಳಿಮಾಡಿಸಿದ ಜೇಡಿ. ಖಾದಿ ಆಯೋಗದವರ ಕುಂಬಾರಿಕೆ ತರಬೇತಿ ಸಂಸ್ಥೆ ಈ ಊರಿನಲ್ಲಿದೆ. ತಿಗರಿ ತಿರುಗಿಸುವುದನ್ನು ಕಲಿಯಲು ದೂರದೂರದ ರಾಜ್ಯಗಳಿಂದ ಜನ ಬಂದದ್ದುಂಟು. ಹಿಂದೆ ಖಾನಾಪುರದ ಮಣ್ಣು ಹಂಚಾಗಿ, ಹೂಜಿಯಾಗಿ ಲಾರಿಯಲ್ಲಿ ಹೊರಗೆ ಹೋಗುತ್ತಿತ್ತು. ಈಗ ಪ್ರವಾಸಿಗರ ಪ್ಯಾಂಟಿಗೆ ಹತ್ತಿಕೊಂಡು ಪುಕ್ಕಟೆ ಹೋಗುತ್ತದೆ.

ಟಿಕೀಟು ತೆಗೆಸಿದ ಮೇಲೆ ಒಂದು ಕಾಗದ ಕೊಡುತ್ತಾರೆ. ಸಣ್ಣ ಅಕ್ಷರದ ಇಂಗ್ಲಿಷು. ಓದಿದವರನ್ನು ನಾನು ಕಾಣಲಿಲ್ಲ. ಸಾರಾಂಶ ಇಷ್ಟೆ: ಬಿದ್ದರೆ ನಾನೇ ಬಿದ್ದೆ, ಮುರಿದರೆ ನನ್ನದೇ ಮುರಿಯಿತು, ಸತ್ತರೆ ಸ್ವಂತ ಇಚ್ಛೆಯಿಂದ ಸತ್ತೆ, ಗಾಡಿಗೆ ಗೀರು ಬಿದ್ದರೆ ಮಾತ್ರ ರೊಕ್ಕ ಕಟ್ಟುತ್ತೇನೆ. ಇಂಥ ಏಕಪಕ್ಷೀಯ ಕರಾರುಗಳನ್ನು ಪ್ರಶ್ನಿಸಲು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅವಕಾಶ ಇದೆ, ನಿಮ್ಮ ನಿರ್ಲಕ್ಷ್ಯಕ್ಕೆ ನಾನು ಸಹಿ ಹಾಕಿದ ಮಾತ್ರಕ್ಕೆ ನಿಮ್ಮ ಹೊಣೆ ಕಳೆಯುವುದಿಲ್ಲ ಎಂದು ವಕೀಲ ಸಾಹೇಬರು ಹೇಳಿದರು. ಆದರೆ ಹಿಂದಿನ ಸಾಲಿನಲ್ಲಿ ಹದಿನೈದು ಮಂದಿ ನಿಂತು “ಲಗೂ ಮಾಡ್ರಿ” ಅನ್ನುವಾಗ ಕಾಯ್ದೆ ಯಾರಿಗೆ ನೆನಪಾಗುತ್ತದೆ?

ಸಹಿಯ ನಂತರ ತರಬೇತಿ. ತರಬೇತಿಗೆ ಹತ್ತಿದ ಹೊತ್ತು, ಚಹಾ ಆರುವಷ್ಟು. ಮಾರ್ಷಲ್ ಎಂದು ಬೆನ್ನ ಮೇಲೆ ಬರೆದ ಟೀಶರ್ಟಿನ ಹುಡುಗ ಜಾಂಬೋಟಿ ಕಡೆಯವನು. ಮನೆಮಾತು ಮರಾಠಿ, ಶಾಲೆ ಕನ್ನಡ, ಗಿರಾಕಿಗಳ ಜೊತೆ ಹಿಂದಿ. ನನ್ನ ತಲೆ ಬೆಳ್ಳಗಾದದ್ದು ನೋಡಿ ಕನ್ನಡಕ್ಕೆ ಬಂದ.

“ಕಾಕಾ, ಇಲ್ಲಿ ಹೆಬ್ಬಟ್ಟಿಲೆ ಒತ್ರಿ. ಒತ್ತಿದರ ಹೊಂಡತೈತಿ, ಬಿಟ್ಟರ ನಿಲ್ಲತೈತಿ. ಕೆಂಪ ಬಟನ್ ಒತ್ತಿದರ ಬಂದ್. ತಿರುಗೋ ಮುಂದ ಮೈ ಒಳಗಿನ ಬಾಜೂಕ ವಾಲಿಸ್ರಿ. ಏನರ ಆಗ್ಲಿ, ಕಾಲ ಮಾತ್ರ ಕೆಳಗ ಇಡಬ್ಯಾಡ್ರಿ. ಹಿಂದಿನ ಗಾಲಿ ಕಾಲ ಮ್ಯಾಲೆ ಹತ್ತತೈತಿ.”

ಮೋಟರ್‌ಸೈಕಲ್ಲಿನವರಿಗೆ ಅಭ್ಯಾಸಬಲ, ವಾಲಿದೊಡನೆ ಕಾಲು ಕೆಳಗೆ ಹೋಗುತ್ತದೆ. ಆ ಹುಡುಗ ಹೇಳಿದ ಕೊನೆಯ ಮಾತು ಆ ಇಡೀ ಪಾರ್ಕಿನಲ್ಲಿ ನಾನು ಕೇಳಿದ ಒಂದೇ ಉಪಯೋಗದ ಮಾತು. ಇಂಗ್ಲಿಷ್ ಕಾಗದದಲ್ಲಿ ಅದು ಇರಲಿಲ್ಲ.

ಹೆಬ್ಬಟ್ಟಿನ ಮಾತು ಬಂತಲ್ಲ, ಇದನ್ನೂ ಹೇಳಿಬಿಡುತ್ತೇನೆ. ಹಿಂದೆ ಇಂಥ ಹೊಲಗಳ ಯಜಮಾನರು ಸಾವುಕಾರನ ಕಾಗದಕ್ಕೆ ಹೆಬ್ಬಟ್ಟು ಒತ್ತಿ ಹೊಲ ಕಳೆದುಕೊಂಡರು. ಮಕ್ಕಳು ಸಬ್‌ರಿಜಿಸ್ಟ್ರಾರ್ ಕಚೇರಿಯ ಯಂತ್ರದ ಮೇಲೆ ಹೆಬ್ಬಟ್ಟು ಒತ್ತಿ ಹೊಲ ಮಾರಿದರು. ಮೊಮ್ಮಕ್ಕಳು ಅದೇ ಹೊಲದ ನಡುವೆ ನಿಂತು, ಹೆಬ್ಬಟ್ಟು ಹ್ಯಾಂಗೆ ಒತ್ತಬೇಕೆಂದು ಬಂದವರಿಗೆ ಕಲಿಸುತ್ತಿದ್ದಾರೆ. ವಿದ್ಯೆ ಮನೆತನದಲ್ಲೇ ಉಳಿಯಿತು.

ನನ್ನ ಮುಂದಿನ ಗಾಡಿಯಲ್ಲಿ ಒಬ್ಬ ತಂದೆ, ಅವನ ಮುಂದೆ ಟಾಕಿಯ ಮೇಲೆ ಆರೇಳು ವರ್ಷದ ಕೂಸು. ಕೂಸಿನ ಹೆಲ್ಮೆಟ್ ದೊಡ್ಡವರದು. ತಿರುವಿನಲ್ಲಿ ಹೆಲ್ಮೆಟ್ ಬಲಕ್ಕೆ ನೋಡಿದರೆ ಒಳಗಿನ ತಲೆ ಎಡಕ್ಕೆ ನೋಡುತ್ತಿತ್ತು. ಇನ್ನೊಂದು ಗಾಡಿಯಲ್ಲಿ ಮೀಸೆ ಚಿಗುರದ ಹುಡುಗ ಒಬ್ಬನೇ. ಅವನಪ್ಪ ಬೇಲಿಯ ಹೊರಗೆ ಫೋನು ಎತ್ತಿ ಹಿಡಿದು “ಜೋರಾಗಿ ಬಿಡಲೇ, ಜೋರಾಗಿ!” ಅಂತ ಹುರಿದುಂಬಿಸುತ್ತಿದ್ದ. ಇದೇ ಅಪ್ಪ ಇದೇ ಮಗನಿಗೆ ಬೆಳಗಾವಿಯ ಕಾಂಗ್ರೆಸ್ ರೋಡಿನಲ್ಲಿ ಸ್ಕೂಟಿ ಕೊಟ್ಟು ಸಿಕ್ಕಿಬಿದ್ದರೆ, 2019ರ ತಿದ್ದುಪಡಿಯ 199ಎ ಕಲಮಿನಂತೆ ಅಪ್ಪನಿಗೆ 25,000 ದಂಡ, ಮೂರು ವರ್ಷದ ತನಕ ಜೈಲು, ಮಗನಿಗೆ 25 ವರ್ಷ ತುಂಬುವವರೆಗೆ ಲೈಸನ್ಸ್ ಇಲ್ಲ. ಬೇಲಿಯೊಳಗೆ ಮಗ ಸಾಹಸಿ, ಅಪ್ಪ ಕ್ಯಾಮರಾಮನ್. ಮಗ್ಗುಲಲ್ಲಿ ಹರಿಯುವ ಕಾಲುವೆಗೆ, ಅಡ್ಡ ನಿಂತ ಮತ್ತಿ ಮರಕ್ಕೆ ಈ ಕಲಮುಗಳ ತಿಳಿವಳಿಕೆ ಇಲ್ಲ. ರಸ್ತೆಯಲ್ಲಾದರೂ ಬೇಲಿಯೊಳಗಾದರೂ ಮರ ಅಷ್ಟೇ ಗಟ್ಟಿ.

ಇಲ್ಲಿ ನಮ್ಮ ಎತ್ತುಗಳನ್ನು ನೆನೆಯದೆ ಮುಂದೆ ಹೋದರೆ ಪಾಪ ಬರುತ್ತದೆ. ಬೆಳಗಾವಿ ಸೀಮೆಗೆ ಸ್ವಂತದ್ದೊಂದು ಕಚ್ಚಾ ದಾರಿಯ ಓಟ ಮೊದಲಿನಿಂದ ಇತ್ತು: ಎತ್ತಿನ ಗಾಡಿಯ ಶರ್ಯತ್ತು. ಜಾತ್ರೆ ಬಂದರೆ ಹುರಿಗೊಳಿಸಿದ ಜೋಡೆತ್ತು, ಖಾಲಿ ಗಾಡಾ, ಧೂಳು, ಹಲಗೆಯ ಸಪ್ಪಳ. 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಅದನ್ನು ನಿಲ್ಲಿಸಿತು. 2017ರಲ್ಲಿ ಕಂಬಳದ ಜೊತೆಗೆ ಎತ್ತಿನ ಗಾಡಿಗೂ ಅವಕಾಶ ಕೊಡಲು ರಾಜ್ಯ ತಿದ್ದುಪಡಿ ತಂದಿತು. ಅದು ಸಿಂಧು ಎಂದು ಐದು ನ್ಯಾಯಮೂರ್ತಿಗಳ ಪೀಠ ಹೇಳಿದ್ದು 2023ರ ಮೇ 18ರಂದು. ಒಂಬತ್ತು ವರ್ಷ ದಿಲ್ಲಿಗೆ ಅಲೆದ ಮೇಲೆ ಎತ್ತಿಗೆ ಓಡಲು ಪರವಾನಗಿ ಸಿಕ್ಕಿತು. ಎತ್ತಿನ ಬಾಲ ತಿರುಚಬಾರದು, ಬಾರುಕೋಲು ಬೀಸಬಾರದು ಎಂಬ ಕಾಳಜಿ ಸರಿಯೇ, ಅದರ ಬಗ್ಗೆ ನನ್ನ ತಕರಾರಿಲ್ಲ. ಎಟಿವಿ ಮಾತ್ರ ಯಾವ ಕೋರ್ಟಿನ ಮೆಟ್ಟಿಲನ್ನೂ ಹತ್ತದೆ ಸೀದಾ ಗದ್ದೆಗಿಳಿಯಿತು. ಎತ್ತಿಗೆ ಬೇಲಿಯೊಳಗೆ ಎತ್ತು ಅಲ್ಲದಂತಾಗುವ ಅನುಕೂಲ ಇಲ್ಲ.

ಇನ್ನು ಬೇಲಿಯ ಆಚೆಗೆ, ಕಾಡಿನ ಕಡೆಗೆ ಹೋಗೋಣ. ಖಾನಾಪುರದ ಪಶ್ಚಿಮಕ್ಕೆ ಭೀಮಗಡ ಇದೆ. 2011ರ ಡಿಸೆಂಬರಿನಲ್ಲಿ ಅಭಯಾರಣ್ಯವಾಯಿತು, 190.42 ಚದರ ಕಿಲೋಮೀಟರು. ಬಾರಾಪೇಡೆ ಎಂಬ ಗುಹೆಯಲ್ಲಿ ಅಗಲ ಕಿವಿಯ ಒಂದು ಬಾವಲಿ ವಾಸವಾಗಿದೆ. ಬಹಳ ಕಾಲ ಜಗತ್ತಿನಲ್ಲಿ ಅದು ಇಲ್ಲಿ ಮಾತ್ರ ಸಿಗುತ್ತದೆಂದು ವಿಜ್ಞಾನಿಗಳು ನಂಬಿದ್ದರು. ಎಟಿವಿಗಳು ಇನ್ನೂ ಅಲ್ಲಿಯವರೆಗೆ ಹೋಗಿಲ್ಲವೆಂಬುದು ಆ ಕಿವಿಗಳ ಪುಣ್ಯ. ಅದೇ ಕಾಡಿನೊಳಗೆ ಆಮಗಾಂವ, ಗವಾಳಿ, ಕೊಂಗಳಾ, ಪಾಸ್ತೋಳಿ, ಕೃಷ್ಣಾಪುರ, ದೇಗಾಂವ ಎಂಬ ಹಳ್ಳಿಗಳಿವೆ. ಅಭಯಾರಣ್ಯದಲ್ಲಿ ರಸ್ತೆ ಮಾಡಲು ಅರಣ್ಯ ಇಲಾಖೆ ಒಪ್ಪಬೇಕು, ವನ್ಯಜೀವಿ ಮಂಡಳಿ ಒಪ್ಪಬೇಕು. ಡಾಂಬರು ಹಾಕಿದರೆ ಪ್ರಾಣಿಗಳಿಗೆ ತೊಂದರೆ. ಈ ಮಾತನ್ನೂ ನಾನು ಅಲ್ಲಗಳೆಯುವುದಿಲ್ಲ, ರಸ್ತೆಯ ಹಿಂದೆಯೇ ಏನೇನು ಬರುತ್ತದೆಂದು ಜಾಂಬೋಟಿ ದಾರಿಯಲ್ಲಿ ಕಂಡಿದ್ದೇನೆ.

2024ರ ಜುಲೈ ತಿಂಗಳ ಮಳೆಯಲ್ಲಿ ಆಮಗಾಂವದ ಒಬ್ಬ ಹೆಣ್ಣುಮಗಳಿಗೆ ಎದೆನೋವು ಬಂತು. ಊರಿನ ಗಂಡಸರು ಕಟ್ಟಿಗೆಯ ಡೋಲಿ ಕಟ್ಟಿ, ಆಕೆಯನ್ನು ಮಲಗಿಸಿ, ಹೆಗಲು ಬದಲಿಸುತ್ತ, ಹಳ್ಳ ದಾಟುತ್ತ, ಆಂಬುಲೆನ್ಸ್ ಬರಬಲ್ಲ ಜಾಗದವರೆಗೆ ಮೈಲಿಗಟ್ಟಲೆ ಹೊತ್ತು ನಡೆದರು. ವಿಡಿಯೊ ರಾಜ್ಯದ ತುಂಬ ಓಡಾಡಿತು. ಆ ವಿಡಿಯೊದಲ್ಲಿರುವ ದಾರಿ ನೋಡಿ: ಜಾರುವ ಕೆಂಪು ಜೇಡಿ, ಬೇರು, ಮೊಣಕಾಲು ಮುಳುಗುವ ನೀರು. ಎಟಿವಿ ಪಾರ್ಕಿನವರು ಟ್ಯಾಂಕರ್ ತರಿಸಿ, ಜೆಸಿಬಿ ಹಚ್ಚಿ ಏನನ್ನು ಮಾಡಲು ಒದ್ದಾಡುತ್ತಾರೋ ಅದರ ಅಸಲು ಪ್ರತಿ. ನಡುವೆ ಇದ್ದ ಅಂತರ ಕೆಲವೇ ಕಿಲೋಮೀಟರು. ಡೋಲಿ ಹೊತ್ತವರು ಆ ಕಡೆ, ಕೆಸರು ದಾಟಲೆಂದೇ ಹುಟ್ಟಿದ ಗಾಡಿಗಳು ಈ ಕಡೆ, ಮಳೆಗಾಲಕ್ಕೆ ಪ್ಲಾಸ್ಟಿಕ್ ತಾಡಪಾಲಿನ ಕೆಳಗೆ. ಗಿರಾಕಿಗಳು ಕಡಿಮೆ ನೋಡಿ, ಆಫ್ ಸೀಸನ್.

ಸರ್ಕಾರ ಸುಮ್ಮನೆ ಕೂತಿತೆಂದು ಹೇಳಿದರೆ ಅನ್ಯಾಯವಾದೀತು. ರಸ್ತೆಯನ್ನು ಊರಿಗೆ ತರಲಾಗದಿದ್ದರೆ ಊರನ್ನೇ ರಸ್ತೆಗೆ ತರೋಣ ಎಂದು ತೀರ್ಮಾನಿಸಿತು. ಒಪ್ಪಿ ಹೊರಬರುವ ಕುಟುಂಬಕ್ಕೆ 15 ಲಕ್ಷ; ಮೊದಲು 10, ಕಾಡು ಬಿಟ್ಟ ಮೇಲೆ ಉಳಿದ 5. 2025ರ ಮೇ ತಿಂಗಳಲ್ಲಿ ಅದೇ ಕಾಡಿನ ತಳೇವಾಡಿಯ 27 ಕುಟುಂಬಗಳಿಗೆ ಮೊದಲ ಕಂತಿನ ಚೆಕ್ಕು ಕೊಟ್ಟರು. ಹೋಗುತ್ತೇವೆ ಎಂದವರು ಇಷ್ಟಪಟ್ಟೇ ಒಪ್ಪಿದರು, ದಶಕಗಳಿಂದ ಕರಡಿ, ಕತ್ತಲೆ, ಕಾಯಿಲೆಗಳ ನಡುವೆ ಬಾಳಿ ಸಾಕಾಗಿತ್ತು. ನಾನು ಮಾಡುತ್ತಿರುವುದು ಬರೀ ಲೆಕ್ಕ. ತಲೆತಲಾಂತರದ ಮನೆ, ಹಿತ್ತಿಲು, ದೇವರ ಕಟ್ಟೆ ಎಲ್ಲ ಬಿಟ್ಟು ಬಂದದ್ದಕ್ಕೆ 15 ಲಕ್ಷ. ಟ್ರ್ಯಾಕ್ಟರ್ ಎಂದು ಪಾಸಾದ ಎಟಿವಿ ಎರಡು ಕೊಂಡರೆ 2018ರ ಬೆಲೆಯಲ್ಲೇ 15.98 ಲಕ್ಷ. ಕಾಡು ಬಿಟ್ಟ ಕುಟುಂಬ ಅದೇ ಕಾಡಿನ ಅಂಚಿನಲ್ಲಿ ಎರಡು ಗಾಡಿಯ ಪಾರ್ಕು ತೆರೆಯಬೇಕೆಂದರೂ 98 ಸಾವಿರ ಸಾಲ ಮಾಡಬೇಕು.

“ನಾಕ ಮಂದಿಗೆ ಕೆಲಸ ಸಿಕ್ಕೈತಲ್ರಿ” ಎಂದು ಪಾರ್ಕಿನ ಮಾಲೀಕರು ಹೇಳುತ್ತಾರೆ. ಸಿಕ್ಕಿದೆ, ಸುಳ್ಳಲ್ಲ. ನನಗೆ ಹೆಬ್ಬಟ್ಟು ಒತ್ತಲು ಕಲಿಸಿದ ಹುಡುಗನನ್ನು ಕೇಳಿದೆ, ದಿನಾ ಈ ಗಾಡಿ ಓಡಿಸಿ ಮಜಾ ಬರುತ್ತದೆಯೆ ಅಂತ. ಅವನು ನಕ್ಕ. ಗಿರಾಕಿ ಇಲ್ಲದಾಗ ಓಡಿಸಿದರೆ ಪೆಟ್ರೋಲು ಪಗಾರದಲ್ಲಿ ಮುರಿಯುತ್ತಾರಂತೆ. ಅವನ ಕೆಲಸ ಗಾಡಿಯ ಹಿಂದೆ ಓಡುವುದು: ಹುಗಿದದ್ದನ್ನು ತಳ್ಳುವುದು, ಮಗುಚಿದ್ದನ್ನು ಎತ್ತುವುದು, ಹೆದರಿದವರ ಕೈ ಹಿಡಿದು ಇಳಿಸುವುದು. “ಛಲೋ ಆತ್ರಿ ಕಾಕಾ, ಭರ್ತೀಗೆ ಪ್ರ್ಯಾಕ್ಟೀಸ್ ಆಗತೈತಿ,” ಅಂದ. ಬೆಳಗಾವಿಯ ಮರಾಠಾ ರೆಜಿಮೆಂಟಿಗೆ ಸೇರಬೇಕೆಂದು ಬೆಳಗಿನ ಐದಕ್ಕೇ ಎದ್ದು ರಸ್ತೆಯ ಮೇಲೆ ಓಡುವ ಹುಡುಗರ ಪೈಕಿ ಅವನೂ ಒಬ್ಬ. ಕೂತು ರಾಡಿ ದಾಟುವವರು ರೊಕ್ಕ ಕೊಡುತ್ತಾರೆ, ಓಡಿ ರಾಡಿ ದಾಟುವವನು ರೊಕ್ಕ ಪಡೆಯುತ್ತಾನೆ. ಆ ಪಾರ್ಕಿನಲ್ಲಿ ಸಾಹಸ ಅಂತ ಏನಾದರೂ ನಡೆದದ್ದಿದ್ದರೆ ಅದು ಅವನದು, ಅದಕ್ಕೆ ಟಿಕೀಟಿಲ್ಲ.

ಹೋಗಬೇಡಿ ಎಂದು ನಾನು ಹೇಳುವುದಿಲ್ಲ, ಹೇಳಿದರೆ ಕೇಳುವವರೂ ಇಲ್ಲ. ಹೋದರೆ ಕೂಸುಗಳನ್ನು ಟಾಕಿಯ ಮೇಲೆ ಕೂರಿಸಬೇಡಿ, ಹೆಲ್ಮೆಟ್ಟಿನ ಪಟ್ಟಿ ಬಿಗಿಯಿರಿ, ಕಾಲು ಕೆಳಗಿಡಬೇಡಿ, ಹಿಂದೆ ಓಡುವ ಹುಡುಗನಿಗೆ ಇಪ್ಪತ್ತು ರೂಪಾಯಿಗಿಂತ ಕಡಿಮೆ ಬಕ್ಷೀಸು ಕೊಡಬೇಡಿ.

ಪಾರ್ಕಿನ ಮಾಲೀಕರಲ್ಲಿ ಒಂದು ಕೇಳಿಕೆ: ಮಳೆಗಾಲದ ಆ ಮೂರು ತಿಂಗಳು ತಾಡಪಾಲಿನ ಕೆಳಗೆ ಸುಮ್ಮನೆ ಮಲಗುವ ಒಂದು ಗಾಡಿಯನ್ನು, ಹಿಂದೆ ರೋಗಿಯನ್ನು ಮಲಗಿಸುವ ಸಣ್ಣ ಗಾಡಾ ಕಟ್ಟಿ, ಕಾಡಿನಂಚಿನ ಸರ್ಕಾರಿ ದವಾಖಾನೆಯಲ್ಲಿ ನಿಲ್ಲಿಸಿ. ಚಾಲಕನನ್ನು ಹುಡುಕಬೇಕಿಲ್ಲ, ನಿಮ್ಮ ಮಾರ್ಷಲ್ ಹುಡುಗರಿಗೆ ಆ ಕಾಡಿನ ಪ್ರತಿ ಹಳ್ಳದ ಆಳ ಗೊತ್ತು. ಅರಣ್ಯ ಇಲಾಖೆಯವರೂ ತಕರಾರು ಮಾಡದೆ ಬಿಡಬೇಕು. ಡಾಂಬರು ಬೇಡ, ಮರ ಕಡಿಯುವುದು ಬೇಡ, ಇರುವ ಕಾಲುದಾರಿಯೇ ಸಾಕಾಗುವ ಗಾಡಿ ಇದು.

ಕೊನೆಯದಾಗಿ ಶಾಸಕರಲ್ಲಿ. 2012ರ ಅಕ್ಟೋಬರಿನಲ್ಲಿ ರಾಷ್ಟ್ರಪತಿಗಳು ಬಂದು ಉದ್ಘಾಟಿಸಿದ ಸುವರ್ಣ ವಿಧಾನಸೌಧಕ್ಕೆ ನೀವು ಸಾಮಾನ್ಯವಾಗಿ ಬರುವುದು ಡಿಸೆಂಬರಿನಲ್ಲಿ. ಹವಾ ತಂಪಾಗಿರುತ್ತದೆ, ಕುಂದಾ ತಾಜಾ ಇರುತ್ತದೆ, ಸಂಜೆಗೆ ರೆಸಾರ್ಟುಗಳು ಖಾಲಿ ಸಿಗುತ್ತವೆ. ಆದರೆ ಆ ಹೊತ್ತಿಗೆ ಆಮಗಾಂವದ ದಾರಿ ಒಣಗಿ ಗಟ್ಟಿಯಾಗಿರುತ್ತದೆ, ಜೀಪು ಹೋಗುತ್ತದೆ, ‘ಅಂಥಾ ತೊಂದರೆ ಏನಿಲ್ಲ’ ಎಂದು ವರದಿ ಬರೆಯಲು ಅಡ್ಡಿ ಇರುವುದಿಲ್ಲ. ಮಳೆಗಾಲದ ಅಧಿವೇಶನವನ್ನು ಒಮ್ಮೆ ಇಲ್ಲಿ ಜುಲೈನಲ್ಲಿ ಇಟ್ಟುಕೊಳ್ಳಿ. 2015ರಲ್ಲಿ ಇಟ್ಟುಕೊಂಡಿದ್ದಿರಿ, ಹೊಸದೇನಲ್ಲ. ಒಂದು ಭಾನುವಾರ ಬಿಡುವು ಮಾಡಿಕೊಂಡು, ಪಂಚೆ ಎತ್ತಿ ಕಟ್ಟಿ, ಆಮಗಾಂವಕ್ಕೆ ನಡೆದು ಹೋಗಿ ಬನ್ನಿ.